ಆಟಕ್ಕೆ ಎಂಟು ಹೊಸ ಅದ್ಭುತಗಳು: ಯಾವ ಆಧಾರದ ಮೇಲೆ ಆರಿಸಬೇಕು?

ತುಮಕೂರು_ನಕ್ಷೆಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರಿನ ನಾವು ನಾಲ್ವರು ಗೆಳೆಯರು ಭಾನುವಾರದ ಮಧ್ಯಾಹ್ನಗಳಲ್ಲಿ ಒಟ್ಟಿಗೆ ಕುಳಿತು, ಸರದಿಯಂತೆ ಆಡುತ್ತ ಒಂದೊಂದು ನಾಗರಿಕತೆಯನ್ನು ಬೆಳೆಸುವ ಸಿವಿಲೈಜೇಶನ್ 6 ಎಂಬ ಕಂಪ್ಯೂಟರ್ ಆಟ ಆಡುತ್ತೇವೆ. ಈಗ ಆ ಆಟಕ್ಕೆ ಹೆಸರು, ವಿವರಣೆ ಎಲ್ಲವೂ ಕನ್ನಡದಲ್ಲೇ ಇರುವ ಒಂದು ಮಾಡ್, ಅಂದರೆ ಆಟಗಾರರೇ ಆಟಕ್ಕೆ ಸೇರಿಸುವ ಹೊಸ ಭಾಗ, ಮಾಡಲು ಹೊರಟಿದ್ದೇವೆ. ಅದರಲ್ಲಿ ಎಂಟು ಹೊಸ ಅದ್ಭುತಗಳು, ಅಂದರೆ ಕಟ್ಟಿದವರಿಗೆ ವಿಶೇಷ ಫಲ ಕೊಡುವ ಪ್ರಸಿದ್ಧ ನಿರ್ಮಾಣಗಳು, ಇರಬೇಕೆಂದು ತೀರ್ಮಾನಿಸಿದ್ದೇವೆ. ಮೂರು ಆಯಾಮದ ಮಾದರಿಯನ್ನು ರೂಪಿಸಬಲ್ಲವಳು ನಮ್ಮಲ್ಲಿ ಒಬ್ಬಳೇ. ಒಂದೊಂದು ಮಾದರಿಗೂ ಅವಳಿಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಆದ್ದರಿಂದ ಎಂಟಕ್ಕಿಂತ ಹೆಚ್ಚು ಆಸೆಪಡುವಂತಿಲ್ಲ, ಆರಿಸಿದ್ದರಲ್ಲಿ ಒಂದು ತಪ್ಪಿದರೂ ಒಂದು ತಿಂಗಳು ಹೋದಂತೆಯೇ.

ಮೊದಲ ದಿನ ನಾವು ಮಾಡಿದ ಪಟ್ಟಿಯಿಂದ ಏನೂ ಉಪಯೋಗವಾಗಲಿಲ್ಲ. ಐಫೆಲ್ ಗೋಪುರ, ತಾಜ್ ಮಹಲ್, ಗೀಜಾದ ಪಿರಮಿಡ್, ಕೊಲೋಸಿಯಂ, ಮಾಚು ಪಿಚು, ಪೆಟ್ರಾ, ರಿಯೋ ನಗರದ ಕ್ರಿಸ್ತನ ಪ್ರತಿಮೆ ಎಂದು ಬರೆದುಕೊಂಡು ಹೋದೆವು. ಇವೆಲ್ಲವೂ ಆಟದಲ್ಲಿ ಈಗಾಗಲೇ ಇವೆ. ಪೋಸ್ಟ್‌ಕಾರ್ಡಿನಲ್ಲಿ ಕಾಣುವ ಜಾಗಗಳನ್ನೆಲ್ಲ ಆಟ ಮಾಡಿದವರು ಮೊದಲೇ ಬಳಸಿಕೊಂಡಿರುವಾಗ, ಉಳಿದವುಗಳ ಪೈಕಿ ಯಾವುದು ಆರಿಸತಕ್ಕದ್ದು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ನನಗೆ ತೋಚಿದ ಒಂದು ಆಧಾರವನ್ನು ಇಲ್ಲಿ ಇಡುತ್ತೇನೆ. ಆಟದ ಅತ್ಯುತ್ತಮ ಅದ್ಭುತಗಳು ನೆಲದೊಂದಿಗೆ ಬೆಸೆದುಕೊಂಡಿವೆ. ಮಾಚು ಪಿಚುವನ್ನು ಪರ್ವತದ ಟೈಲಿನ (ಆಟದ ನಕ್ಷೆಯ ಒಂದು ಮನೆಯ) ಮೇಲೆಯೇ ಕಟ್ಟಬೇಕು, ಚಿಚೆನ್ ಇಟ್ಜಾಕ್ಕೆ ಮಳೆಕಾಡು ಬೇಕು. ಪೆಟ್ರಾವನ್ನು ಮರುಭೂಮಿಯಲ್ಲಿ ಕಟ್ಟಿದರೆ ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ಆ ನಗರದ ಮರಳು ಟೈಲುಗಳು ಅನ್ನ, ಹೊನ್ನು, ಉತ್ಪಾದನೆ ಮೂರನ್ನೂ ಕೊಡತೊಡಗುತ್ತವೆ. ಪೆಟ್ರಾವನ್ನು ಕಟ್ಟಿದ ನಬಾತಿಯನ್ನರು ಮರುಭೂಮಿಯಲ್ಲಿ ನೀರನ್ನು ಹಿಡಿದಿಟ್ಟು, ವ್ಯಾಪಾರದ ದಾರಿಯನ್ನು ಕಾದು ಬದುಕಿದ ಬಗೆಯೇ ಅಲ್ಲಿ ನಿಯಮವಾಗಿ ಬಂದಿದೆ. ಆದ್ದರಿಂದ ನನ್ನ ಪ್ರಸ್ತಾಪ ಹೀಗಿದೆ: ಆ ಕಟ್ಟಡ ಆ ನೆಲದಲ್ಲೇ ಏಕೆ ಎದ್ದಿತು, ಎದ್ದ ಮೇಲೆ ಅಲ್ಲಿನ ಜನಕ್ಕೆ ಏನು ಮಾಡಿತು ಎಂಬ ಎರಡು ಪ್ರಶ್ನೆಗಳಿಗೆ ಆಟದ ನಿಯಮದ ರೂಪದಲ್ಲಿ ಉತ್ತರಿಸಲು ಸಾಧ್ಯವಾಗುವುದಾದರೆ ಅದನ್ನು ಸೇರಿಸೋಣ, ಇಲ್ಲವಾದರೆ ಎಷ್ಟೇ ಸುಂದರವಾಗಿದ್ದರೂ ಬಿಡೋಣ.

ಸದ್ಯ ನಮ್ಮ ಎದುರಿಗಿರುವ ಹೆಸರುಗಳು ಇವು: ಎಲ್ಲೋರದ ಕೈಲಾಸ ದೇವಾಲಯ, ಶ್ರವಣಬೆಳಗೊಳದ ಗೊಮ್ಮಟ, ವಿಜಯಪುರದ ಗೋಲಗುಮ್ಮಟ, ಶ್ರೀಲಂಕಾದ ಬಂಡೆಕೋಟೆ ಸಿಗಿರಿಯ, ಇಥಿಯೋಪಿಯಾದಲ್ಲಿ ಬಂಡೆ ಕೊರೆದ ಚರ್ಚುಗಳಿರುವ ಲಾಲಿಬೆಲಾ, ಗುಜರಾತಿನ ಪಾಟಣದ ಮೆಟ್ಟಿಲುಬಾವಿ ರಾಣಿ ಕಿ ವಾವ್. ಇವುಗಳ ಜೊತೆಗೆ ನಮ್ಮ ಜಿಲ್ಲೆಯ ಮಧುಗಿರಿ ಕೋಟೆಯನ್ನೂ ಸೇರಿಸಬೇಕೆಂದು ಇಬ್ಬರು ಗೆಳೆಯರು ಪಟ್ಟು ಹಿಡಿದಿದ್ದಾರೆ. ಆ ಏಕಶಿಲಾ ಬೆಟ್ಟವನ್ನು ನಾನೂ ಹಲವು ಸಲ ಹತ್ತಿದ್ದೇನೆ. ಬಂಡೆಗೆ ಕೊರೆದ ಮೆಟ್ಟಿಲ ಗುರುತುಗಳ ಮೇಲೆ ಕಾಲಿಟ್ಟು, ಕಂಬಿ ಹಿಡಿದು ನಿಂತಾಗ ಆಗುವ ಅನುಭವ ಬೇರೆಲ್ಲೂ ಆಗಿಲ್ಲ. ಆದರೂ ನಮ್ಮೂರಿನದು ಎಂಬ ಒಂದೇ ಕಾರಣ ಸಾಕೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮಾಲೂರಿನ_ಉಳಿ

ನಿಮ್ಮ ಆಧಾರ ನನಗೆ ಒಪ್ಪಿಗೆ. ಅದನ್ನೇ ಹಿಡಿದು ಮೊದಲು ಎರಡು ಹೆಸರುಗಳನ್ನು ತೆಗೆಯುತ್ತೇನೆ. ಭಾರತವನ್ನು ಆಡುವವರಿಗೆ ಮೆಟ್ಟಿಲುಬಾವಿ ಒಂದು ವಿಶೇಷ ಸೌಲಭ್ಯವಾಗಿ ಆಟದಲ್ಲಿ ಈಗಾಗಲೇ ಇದೆ. ಅದು ಅನ್ನವನ್ನೂ ವಸತಿಯನ್ನೂ ಕೊಡುತ್ತದೆ. ರಾಣಿ ಕಿ ವಾವ್‌ಗೆ ನೀವು ಯಾವ ಫಲ ಕೊಟ್ಟರೂ ಅದು ಇದರ ದೊಡ್ಡ ಪ್ರತಿಯಂತೆಯೇ ಆಗುತ್ತದೆ. ಇಥಿಯೋಪಿಯಾವನ್ನು ಆಡುವವರಿಗೆ ಬಂಡೆ ಕೊರೆದ ಚರ್ಚು ಸಿಗುವುದರಿಂದ ಲಾಲಿಬೆಲಾದ ಮಾತೂ ಅಷ್ಟೇ. ಎರಡೂ ಮಹತ್ವದ ಸ್ಥಳಗಳೇ, ಆದರೆ ನಿಮಗಿರುವುದು ಎಂಟೇ ತಿಂಗಳು.

ಕೈಲಾಸ ದೇವಾಲಯದ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಸಲ್ಲಬೇಕು. ನಮ್ಮ ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಅಲ್ಲಿ ಕಲ್ಲಿನ ಕೆಲಸವನ್ನು ನೋಡುತ್ತ ಬೆಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ: ಮನೆ ಕಟ್ಟುವವನು ತಪ್ಪಿದರೆ ಗೋಡೆ ಕೆಡವಿ ಮತ್ತೆ ಕಟ್ಟಬಹುದು, ಕಲ್ಲು ಕೆತ್ತುವವನು ಮೂಗಿನ ತುದಿಯಲ್ಲಿ ಒಂದು ಚಕ್ಕೆ ಹೆಚ್ಚು ಎಬ್ಬಿಸಿದರೆ ಆ ವಿಗ್ರಹದ ಕಥೆ ಅಲ್ಲಿಗೆ ಮುಗಿಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಎಲ್ಲೋರವನ್ನು ನೋಡಬೇಕು. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ, ಅಂದರೆ 8ನೆಯ ಶತಮಾನದಲ್ಲಿ, ಬೆಟ್ಟದ ನೆತ್ತಿಯಿಂದ ಕೆಳಮುಖವಾಗಿ ಕಪ್ಪು ಬಸಾಲ್ಟ್ ಬಂಡೆಯನ್ನು ಕೊರೆಯುತ್ತ ಬಂದು, ಶಿಖರವನ್ನು ಮೊದಲು ಬಿಡಿಸಿ ಬುಡದ ಪೀಠವಾದ ಅಧಿಷ್ಠಾನವನ್ನು ಕೊನೆಗೆ ಬಿಡಿಸಿದರು. ಸುಮಾರು 30 ಮೀಟರಿಗೂ ಎತ್ತರದ ಇಡೀ ದೇವಾಲಯದಲ್ಲಿ ಒಂದರ ಮೇಲೊಂದು ತಂದಿಟ್ಟ ಕಲ್ಲಿಲ್ಲ. ಹೊರಕ್ಕೆ ಸಾಗಿಸಿದ ಕಲ್ಲೇ ಲಕ್ಷಾಂತರ ಟನ್ ಎಂಬ ಅಂದಾಜುಗಳಿವೆ. ಕೆಳಗಿನ ಆನೆಗಳ ಸಾಲು ಎಲ್ಲಿ ನಿಲ್ಲಬೇಕೆಂಬುದು ಶಿಖರಕ್ಕೆ ಮೊದಲ ಉಳಿಪೆಟ್ಟು ಬೀಳುವಾಗಲೇ ತೀರ್ಮಾನವಾಗಿರಬೇಕಲ್ಲವೇ?

ಆಟದಲ್ಲಿ ಎಲ್ಲ ಅದ್ಭುತಗಳೂ ಉತ್ಪಾದನೆಯನ್ನು ಕೂಡಿಸಿ ಕೂಡಿಸಿ ಮೇಲೇಳುತ್ತವೆ. ಇದು ಕಳೆಯುವುದರಿಂದ ಆಗುವ ಅದ್ಭುತ. ಹಾಗಾಗಿ ಇದನ್ನು ಗುಡ್ಡದ ಟೈಲಿನ ಮೇಲೆ ಮಾತ್ರ ಆರಂಭಿಸಲು ಬಿಡಿ. ಕೆಲಸ ನಡೆಯುವಷ್ಟು ಕಾಲವೂ ತೆಗೆದ ಕಲ್ಲು ಅದೇ ನಗರದ ಉಳಿದ ಕಟ್ಟಡಗಳಿಗೆ ಉತ್ಪಾದನೆಯಾಗಿ ಒದಗಲಿ. ಆದರೆ ಒಮ್ಮೆ ಕೈಹಾಕಿದ ಮೇಲೆ ನಡುವೆ ನಿಲ್ಲಿಸಿದರೆ ಅಲ್ಲಿಯವರೆಗೆ ಆದ ಕೆಲಸದ ಒಂದು ಪಾಲು ನಷ್ಟವಾಗಲಿ. ಆಟಗಾರ ಆರಂಭಿಸುವ ಮೊದಲೇ ಮೂವತ್ತು ಸರದಿಗಳ ಮುಂದಿನದನ್ನು ಯೋಚಿಸಬೇಕಾಗುತ್ತದೆ, ಅಂದಿನ ಸ್ಥಪತಿ ಯೋಚಿಸಿದ ಹಾಗೆ.

ಮಧುಗಿರಿಯ ಬಗ್ಗೆ ಒಂದು ಮಾತು. ಬೆಟ್ಟ ದೊಡ್ಡದು, ಕೋಟೆ ಭದ್ರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂಡೆಯ ಮೇಲಿನ ಕೋಟೆ ಎಂಬ ಜಾಗಕ್ಕೆ ಸಿಗಿರಿಯವೂ ಸ್ಪರ್ಧಿಸುತ್ತಿದೆ. 5ನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ದೊರೆ ಕಾಶ್ಯಪನು ಆ ಬಂಡೆಯ ಮೇಲೆ ಅರಮನೆಯನ್ನೂ ಬುಡದಲ್ಲಿ ಕಾರಂಜಿಗಳಿರುವ ಜಲೋದ್ಯಾನವನ್ನೂ ನಿರ್ಮಿಸಿದನು, ಆ ಕಾರಂಜಿಗಳು ಇಂದಿಗೂ ಮಳೆಗಾಲದಲ್ಲಿ ಚಿಮ್ಮುತ್ತವೆ. ಒಂದೇ ಬಗೆಯ ಎರಡನ್ನು ಇಡುವಂತಿಲ್ಲವಾದರೆ ನಾನು ಸಿಗಿರಿಯಕ್ಕೆ ಮತ ಹಾಕುತ್ತೇನೆ.

ಸರದಿ_ಲೆಕ್ಕ

ಆಟದ ಸಮತೋಲನದ ದೃಷ್ಟಿಯಿಂದ ಎರಡು ಮಾತು. ಅದ್ಭುತವನ್ನು ಮೊದಲು ಮುಗಿಸಿದವನಿಗಷ್ಟೇ ಅದು ದಕ್ಕುತ್ತದೆ. ಆದ್ದರಿಂದ ನೆಲದ ಷರತ್ತು ಬಿಗಿಯಾದಷ್ಟೂ ಪೈಪೋಟಿ ಕಡಿಮೆಯಾಗುತ್ತದೆ, ಫಲವನ್ನು ಅದಕ್ಕೆ ತಕ್ಕಂತೆ ಇಳಿಸಬೇಕಾಗುತ್ತದೆ. ಎಂಟಕ್ಕೂ ಕಠಿಣ ಷರತ್ತು ಹಾಕಿದರೆ ಬಹುಪಾಲು ನಕ್ಷೆಗಳಲ್ಲಿ ಅರ್ಧದಷ್ಟು ಯಾರ ಕೈಗೂ ಸಿಗದೆ ಉಳಿಯುತ್ತವೆ. ಮೂರ್ನಾಲ್ಕನ್ನಾದರೂ ಸುಲಭವಾಗಿ ಇಡಿ.

ಗೋಲಗುಮ್ಮಟವನ್ನು ಬಿಡಬೇಡಿ. 1656ರಲ್ಲಿ ಮುಗಿದ ಆ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಒಳಗೆ ಒಂದು ಕಂಬದ ಆಸರೆಯೂ ಇಲ್ಲ. ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಬದಿಯಲ್ಲಿ ಉಸುರಿದ್ದು ಎದುರು ಬದಿಗೆ ಕಿವಿಯಲ್ಲಿ ಹೇಳಿದಂತೆ ಕೇಳುತ್ತದೆ. ಆಟದಲ್ಲಿ ಗೂಢಚಾರರಿದ್ದಾರೆ. ಈ ಅದ್ಭುತವಿರುವ ನಗರಕ್ಕೆ ಬರುವ ಪರರಾಜ್ಯದ ಗೂಢಚಾರ ಸಿಕ್ಕಿಬೀಳುವ ಸಂಭವ ಹೆಚ್ಚಲಿ. ನೆಲದ ಷರತ್ತೇ ಬೇಡ, ಸಮತಟ್ಟಾದ ಜಾಗವಿದ್ದರೆ ಸಾಕು.

ನಂದಿ_ತಪ್ಪಲು

ನಾನು ಚಿಕ್ಕಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಈ ಆಟವನ್ನು ಆಡುವುದರಿಂದ ಈ ಪ್ರಶ್ನೆ ನನಗೆ ದೂರದ್ದಲ್ಲ. ಮಕ್ಕಳು ನನ್ನ ಪಾಠದಿಂದ ಕಲಿತ ಜಾಗಗಳಿಗಿಂತ ಆಟದಿಂದ ಕಲಿತ ಜಾಗಗಳನ್ನು ಹೆಚ್ಚು ನೆನಪಿಟ್ಟುಕೊಂಡಿರುತ್ತಾರೆ. ಆದ್ದರಿಂದ ನೀವು ಆರಿಸುವ ಎಂಟು ಹೆಸರುಗಳು ಕೆಲವು ಮಕ್ಕಳ ಮನಸ್ಸಿನಲ್ಲಿ ಪ್ರಪಂಚದ ಭೂಪಟವಾಗಿಯೇ ಉಳಿಯುತ್ತವೆ.

ನಿಮ್ಮ ಪಟ್ಟಿಯಲ್ಲಿ ದೇವಾಲಯವಿದೆ, ಗೋರಿಯಿದೆ, ಕೋಟೆಯಿದೆ, ಅರಮನೆಯಿದೆ. ರಾಣಿ ಕಿ ವಾವ್ ಬಿಟ್ಟರೆ ನೀರಿಗೆ ಸಂಬಂಧಿಸಿದ್ದು ಒಂದೂ ಇಲ್ಲ. ಅದನ್ನೂ ಕೈಬಿಡುವುದಾದರೆ ಆ ಜಾಗಕ್ಕೆ ಚೀನಾದ ಸಿಚುವಾನ್ ಪ್ರಾಂತ್ಯದ ದುಜಿಯಾಂಗ್‌ಯಾನ್ ನೀರಾವರಿ ವ್ಯವಸ್ಥೆಯನ್ನು ಸೂಚಿಸುತ್ತೇನೆ. ಕ್ರಿ.ಪೂ. 256ರ ಸುಮಾರಿಗೆ ಚಿನ್ ರಾಜ್ಯದ ಅಧಿಕಾರಿ ಲಿ ಬಿಂಗ್‌ನ ನೇತೃತ್ವದಲ್ಲಿ ಇದು ನಿರ್ಮಾಣವಾಯಿತು, ಇವತ್ತಿಗೂ ಹೊಲಗಳಿಗೆ ನೀರುಣಿಸುತ್ತಿದೆ. ಪರ್ವತಗಳಿಂದ ರಭಸವಾಗಿ ಇಳಿಯುವ ಮಿನ್ ನದಿಗೆ ಅಡ್ಡಲಾಗಿ ಅಣೆಕಟ್ಟು ಹಾಕದೆ, ನದಿಯ ನಡುವೆ ಮೀನಿನ ಬಾಯಿಯ ಆಕಾರದ ಒಡ್ಡು ಹಾಕಿ ನೀರನ್ನು ಒಳಹೊಳೆ, ಹೊರಹೊಳೆ ಎಂದು ಸೀಳಿದರು. ನೀರು ಕಡಿಮೆಯಿರುವ ಕಾಲದಲ್ಲಿ ಹತ್ತರಲ್ಲಿ ಆರು ಪಾಲು ಹೊಲಗಳ ಕಡೆಯ ಒಳಹೊಳೆಗೆ ಹೋಗುತ್ತದೆ. ಪ್ರವಾಹ ಬಂದಾಗ ಅದೇ ಒಡ್ಡು ಆರು ಪಾಲನ್ನು ಹೊರಹೊಳೆಗೆ ಕಳಿಸುತ್ತದೆ. ಅಂದಿನ ವಿನ್ಯಾಸದಲ್ಲಿ ಬಾಗಿಲು ತೆರೆದು ಮುಚ್ಚುವವರು ಯಾರೂ ಬೇಕಿರಲಿಲ್ಲ, ನದಿಯ ತಳದ ಆಳ ಮತ್ತು ತಿರುವೇ ಆ ಕೆಲಸ ಮಾಡುತ್ತಿದ್ದವು. ಸಿಡಿಮದ್ದು ಇಲ್ಲದ ಆ ಕಾಲದಲ್ಲಿ ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ಮೇಲೆ ನೀರು ಸುರಿದು ಬಿರಿಯಿಸಿ ಬೆಟ್ಟದಲ್ಲಿ ಕಾಲುವೆಯ ಕಂಡಿಯನ್ನು ತೆಗೆದರು.

ನಮ್ಮ ಕಡೆಯವರಿಗೆ ಇದು ಅರ್ಥವಾಗಲು ಚೀನಾಕ್ಕೆ ಹೋಗಬೇಕಿಲ್ಲ. ಆ ಕಂಡಿ ಎಂದರೆ ನಮ್ಮ ಕೆರೆಯ ತೂಬು, ಹೆಚ್ಚಿನ ನೀರನ್ನೂ ಮರಳನ್ನೂ ಹೊರಕ್ಕೆ ಹಾಕುವ ತಗ್ಗು ಒಡ್ಡು ಎಂದರೆ ಕೋಡಿ, ವರ್ಷಕ್ಕೊಮ್ಮೆ ತಳದ ಮರಳು ಬಗೆಯುವುದು ಎಂದರೆ ಹೂಳೆತ್ತುವುದು. ನಂದಿಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುತ್ತವೆ. ಆದರೂ ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಎರಡೂ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯಿಲ್ಲ. ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ ಕೆರೆಗಳ ಸಾಲು ಕಟ್ಟಿ, ತೂಬನ್ನು ಕಾಯಲು ನೀರುಗಂಟಿಯನ್ನು ನೇಮಿಸಿದರು. ಈ ಕೆರೆಗಳನ್ನು ಅದ್ಭುತವಾಗಿ ಸೇರಿಸಿ ಎಂದು ನಾನು ಕೇಳುವುದಿಲ್ಲ, ಏಕೆಂದರೆ ಆಟದ ಅದ್ಭುತ ಒಂದೇ ಟೈಲಿನಲ್ಲಿ ನಿಲ್ಲುವಂಥದ್ದು, ಕೆರೆಗಳ ಸಾಲಾದರೋ ಊರೂರಿಗೂ ಹರಡಿದ್ದು. ಆದರೆ ದುಜಿಯಾಂಗ್‌ಯಾನ್‌ನ ವಿವರಣೆಯನ್ನು ಕನ್ನಡದಲ್ಲಿ ಬರೆಯುವಾಗ ತೂಬು, ಕೋಡಿ, ಹೂಳು ಎಂಬ ಈ ಮಾತುಗಳನ್ನೇ ಬಳಸಿ. ನಿಯಮವೂ ಸುಲಭ: ನದಿಯ ದಡದಲ್ಲಿರಬೇಕು, ಪಕ್ಕದಲ್ಲಿ ಪರ್ವತವಿರಬೇಕು, ಆ ನದಿಯ ಪ್ರವಾಹ ನಿಮ್ಮ ಟೈಲುಗಳಿಗೆ ಹಾನಿ ಮಾಡದೆ ಫಲವತ್ತತೆಯನ್ನು ಮಾತ್ರ ಬಿಟ್ಟುಹೋಗಬೇಕು. ಈ ವ್ಯವಸ್ಥೆ ನೀರುಣಿಸುವ ಚೆಂಗ್ಡು ಬಯಲಿನ ಅನ್ನದ ಬಲವೂ ಚಿನ್ ರಾಜ್ಯವು ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಲು ನೆರವಾಯಿತು.

ಇನ್ನು ಗೊಮ್ಮಟನ ವಿಚಾರ. 981ರ ಸುಮಾರಿಗೆ ಚಾವುಂಡರಾಯನು ಮಾಡಿಸಿದ, ಸುಮಾರು 57 ಅಡಿ ಎತ್ತರದ ಆ ಮೂರ್ತಿಯನ್ನು ಸೇರಿಸುವುದಾದರೆ ಅದು ಏನನ್ನು ನೆನಪಿಸುತ್ತದೆ ಎಂಬುದನ್ನು ಮರೆಯಬಾರದು. ಬಾಹುಬಲಿ ಅಣ್ಣನಾದ ಭರತನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ಬಿಟ್ಟು ನಡೆದವನು. ಅವನ ಮೂರ್ತಿಗೆ ಸೈನ್ಯದ ಬಲವನ್ನೋ ಹೊನ್ನನ್ನೋ ಫಲವಾಗಿ ಕೊಟ್ಟರೆ ಅದು ಆ ಕಥೆಗೆ ಮಾಡುವ ಅನ್ಯಾಯ. ಯುದ್ಧದಲ್ಲಿ ಗೆದ್ದ ನಗರವನ್ನು ಮೊದಲಿನ ಒಡೆಯನಿಗೆ ಹಿಂತಿರುಗಿಸಿದಾಗ ಮಾತ್ರ ಈ ಅದ್ಭುತ ಫಲ ಕೊಡಲಿ, ಆಗ ಕೊಡುವುದು ದೊಡ್ಡದಾಗಿಯೇ ಇರಲಿ. ಗೆಲ್ಲುವುದಕ್ಕಾಗಿಯೇ ಆಡುವ ಆಟದಲ್ಲಿ ಬಿಟ್ಟುಕೊಡುವುದಕ್ಕೂ ಒಂದು ಜಾಗ ಸಿಕ್ಕಂತಾಗುತ್ತದೆ.

ಮಾರಿಕುಪ್ಪ_ನಿಲ್ದಾಣ

ಇಷ್ಟು ಚರ್ಚೆಯಲ್ಲಿ ಯಾರೂ ಕೋಲಾರದ ಚಿನ್ನದ ಗಣಿಯ ಹೆಸರೆತ್ತಲಿಲ್ಲ. ನನ್ನ ತಾತ ಅಲ್ಲಿ ದುಡಿದವರು, ಹಾಗಾಗಿ ನನ್ನ ಮಾತಿನಲ್ಲಿ ಅಭಿಮಾನ ಬೆರೆತಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಪ್ರಶ್ನೆ ಕೇಳಿದವರು ಇಟ್ಟ ಎರಡು ಆಧಾರಗಳ ಮೇಲೆಯೇ ಅಳೆದು ನೋಡಿ.

ಆ ನೆಲದಲ್ಲೇ ಏಕೆ? ಚಿನ್ನದ ಪದರ ಅಲ್ಲಿ ಭೂಮಿಯ ಆಳಕ್ಕೆ ಇಳಿದಿತ್ತು, ಅದರ ಬೆನ್ನು ಹತ್ತಿದವರು ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದರು. ಕೆಳಗೆ ಬಂಡೆಯನ್ನು ಮುಟ್ಟಿದರೆ ಒಲೆಯ ಮೇಲಿನ ಹಂಚಿನ ಕಾವು ಇರುತ್ತಿತ್ತೆಂದು ತಾತ ಹೇಳುತ್ತಿದ್ದರು. ಏನು ಮಾಡಿತು? ಅಷ್ಟು ಆಳದ ಗಣಿಯನ್ನು ನಡೆಸಲು ಬೇಕಾದ ಶಕ್ತಿಗಾಗಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು 1902ರಲ್ಲಿ ಗಣಿಗೆ ತಂದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ.

ಕಥೆ ಚಿನ್ನಕ್ಕೇ ನಿಲ್ಲಲಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚಿನದು. ಆಕಾಶದಿಂದ ಸುರಿಯುವ ಬೇರೆ ಕಣಗಳಲ್ಲಿ ಬಹುಪಾಲನ್ನು ಮೇಲಿನ ಬಂಡೆ ತಡೆಯುವುದರಿಂದ, ಬಂಡೆಯನ್ನೂ ತೂರಿಕೊಂಡು ಹೋಗುವ ಸೂಕ್ಷ್ಮ ಕಣಗಳಾದ ನ್ಯೂಟ್ರಿನೊಗಳನ್ನು ಹುಡುಕಲು ಆಳವಾದ ಗಣಿಗಿಂತ ಒಳ್ಳೆಯ ಜಾಗವಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರ ಜೊತೆಗೂಡಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನಿಟ್ಟು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಕಂಡರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ ಇದೇ ಶೋಧ ನಡೆಯಿತು. ಪ್ರಪಂಚದಲ್ಲಿ ಮೊದಲು ಕಂಡ ಎರಡು ಜಾಗಗಳಲ್ಲಿ ಒಂದು ನಮ್ಮ ಊರಿನ ಕೆಳಗಿತ್ತು.

ಆದ್ದರಿಂದ ನನ್ನ ಸಲಹೆ ಇದು. ಗಣಿಯಿರುವ ಗುಡ್ಡದ ಪಕ್ಕದಲ್ಲಿ ಇದನ್ನು ಕಟ್ಟಬೇಕು, ನದಿಯಿರುವ ಇನ್ನೊಂದು ನಗರ ನಿಮ್ಮದಾಗಿರಬೇಕು. ಮೊದಲ ಇಷ್ಟು ಸರದಿಗಳವರೆಗೆ ಹೊನ್ನು ಬರಲಿ, ಸರದಿ ಕಳೆದಂತೆ ಅದು ಇಳಿಯಲಿ, ಕೊನೆಗೆ ಹೊನ್ನು ನಿಂತು ವಿಜ್ಞಾನ ಬರತೊಡಗಲಿ. ಅದರ ಬೆಲೆಯನ್ನೂ ಮುಚ್ಚಿಡಬೇಡಿ. ಆಳದ ಗಣಿಗಳಲ್ಲಿ ಬಂಡೆಯ ಧೂಳು ಶ್ವಾಸಕೋಶವನ್ನು ತಿನ್ನುತ್ತದೆ, ಬಂಡೆಗಳು ಒತ್ತಡಕ್ಕೆ ಸಿಡಿಯುತ್ತವೆ, ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ಮಣ್ಣಿನ ದಿಬ್ಬಗಳು ಇವತ್ತಿಗೂ ಊರಿನ ನಡುವೆ ನಿಂತಿವೆ. ಆ ನಗರದ ವಸತಿಯೂ ನೆಮ್ಮದಿಯೂ ಒಂದೊಂದು ಅಂಕ ಕಡಿಮೆಯಾಗಲಿ, ಹೊನ್ನು ನಿಂತ ಮೇಲೂ ಅದು ಹಾಗೆಯೇ ಉಳಿಯಲಿ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ದಿಬ್ಬಗಳು ಹೋಗಲಿಲ್ಲ.

ಸರದಿ_ಲೆಕ್ಕ

ಲಾಭ ಇಳಿಯುತ್ತ ಹೋಗುವ, ನಷ್ಟ ಉಳಿಯುವ ಅದ್ಭುತವನ್ನು ಆಟಗಾರರು ಕಟ್ಟುತ್ತಾರೆಯೇ ಎಂಬುದು ನನ್ನ ಸಂದೇಹ. ಕಟ್ಟಬೇಕಾದರೆ ಮೊದಲ ಸರದಿಗಳ ಹೊನ್ನು ಕಣ್ಣು ಕೋರೈಸುವಷ್ಟಿರಬೇಕು, ಕೊನೆಯ ವಿಜ್ಞಾನವೂ ಒಂದು ವಿಶ್ವವಿದ್ಯಾಲಯಕ್ಕೆ ಸಮನಾಗಿರಬೇಕು. ಹಾಗೆ ಮಾಡಿದರೆ ನಾನೇ ಮೊದಲು ಕಟ್ಟುತ್ತೇನೆ.

ತುಮಕೂರು_ನಕ್ಷೆಗಾರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ನಾಲ್ವರೂ ಕುಳಿತು ಈ ಉತ್ತರಗಳನ್ನು ಗಟ್ಟಿಯಾಗಿ ಓದಿದೆವು. ಕೈಲಾಸ, ದುಜಿಯಾಂಗ್‌ಯಾನ್, ಗೊಮ್ಮಟ, ಕೋಲಾರದ ಗಣಿ, ಈ ನಾಲ್ಕು ಖಚಿತವಾದವು. ಸಿಗಿರಿಯವೂ ಬಹುತೇಕ ಖಚಿತ. ಮಧುಗಿರಿಗಾಗಿ ಪಟ್ಟು ಹಿಡಿದಿದ್ದವರಲ್ಲಿ ಒಬ್ಬ ಒಪ್ಪಿದ್ದಾನೆ, ಇನ್ನೊಬ್ಬ ಇನ್ನೂ ಒಪ್ಪಿಲ್ಲ. ಅವನ ವಾದವನ್ನು ನಾನು ತಳ್ಳಿಹಾಕುವುದಿಲ್ಲ: ಕಟ್ಟಡವಾಗಿ ಬೇಡವಾದರೆ, ಎವರೆಸ್ಟ್ ಮೊದಲಾದವು ಆಟದಲ್ಲಿ ಇರುವಂತೆ, ಆ ಬೆಟ್ಟವನ್ನು ನಕ್ಷೆಯ ಮೇಲಿನ ನೈಸರ್ಗಿಕ ಅದ್ಭುತವಾಗಿ ಇಡಬಹುದಲ್ಲ ಎಂದು ಅವನು ಕೇಳುತ್ತಿದ್ದಾನೆ. ಆ ಬಂಡೆಯನ್ನು ಯಾರೂ ಕಟ್ಟಲಿಲ್ಲವಾದ್ದರಿಂದ ಅದೇ ಸರಿಯಾದ ಜಾಗವೆಂದು ನನಗೂ ಅನ್ನಿಸತೊಡಗಿದೆ.

ಗೋಲಗುಮ್ಮಟದಲ್ಲಿ ಮಾತ್ರ ಸಿಕ್ಕಿಕೊಂಡಿದ್ದೇವೆ. ಗೂಢಚಾರರ ನಿಯಮ ಆಡಲು ಚೆನ್ನಾಗಿದೆ. ಆದರೆ ವಿಜಯಪುರದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಆ ಕಟ್ಟಡವನ್ನು ಯಾರೂ ಪಿಸುಮಾತು ಕೇಳಲೆಂದು ಕಟ್ಟಲಿಲ್ಲ. ನಮ್ಮ ಆಧಾರದ ಪ್ರಕಾರ ನಿಯಮ ಹುಟ್ಟಬೇಕಾದದ್ದು ಕಂಬಗಳಿಲ್ಲದೆ ಅಷ್ಟು ದೊಡ್ಡ ಗುಮ್ಮಟವನ್ನು ನಿಲ್ಲಿಸಿದ ಕೌಶಲದಿಂದ. ವಾಸ್ತುಶಿಲ್ಪ ತಿಳಿದವರು ಯಾರಾದರೂ ಆ ದಿಕ್ಕಿನಲ್ಲಿ ಒಂದು ಫಲವನ್ನು ಸೂಚಿಸಿದರೆ ಅದನ್ನು ಆರನೆಯದಾಗಿ ತೆಗೆದುಕೊಳ್ಳುತ್ತೇವೆ.

ಏಳನೆಯದಕ್ಕೆ ಮಾದರಿ ರೂಪಿಸುವ ಗೆಳತಿಯೇ ಒಂದು ಹೆಸರು ತಂದಿದ್ದಾಳೆ: ಪೆರು ದೇಶದಲ್ಲಿ ಅಪುರಿಮಾಕ್ ನದಿಯ ಮೇಲಿರುವ ಕೆಸ್ವಾಚಾಕಾ ಎಂಬ ಹುಲ್ಲುಹಗ್ಗದ ತೂಗುಸೇತುವೆ. ದಡದ ಊರುಗಳವರು ಪ್ರತಿ ವರ್ಷ ಹುಲ್ಲು ಹೊಸೆದು ಹೊಸ ಸೇತುವೆಯನ್ನು ಹೆಣೆಯುತ್ತಾರೆ. ಆಟದಲ್ಲಿ ಇದು ಕೆಲವು ಸರದಿಗಳಿಗೊಮ್ಮೆ ಅಳಿದು, ಅಲ್ಪ ಉತ್ಪಾದನೆ ಕೊಟ್ಟರೆ ಮತ್ತೆ ಎದ್ದು, ಪ್ರತಿ ಸಲ ಎದ್ದಾಗಲೂ ಸುತ್ತಲಿನ ನಗರಗಳ ನಿಷ್ಠೆಯನ್ನು ಹೆಚ್ಚಿಸಬೇಕೆಂಬುದು ಅವಳ ಯೋಚನೆ. ಎಂಟನೆಯದು ಇನ್ನೂ ಖಾಲಿಯಿದೆ.

ಮಾಲೂರಿನವರಲ್ಲಿ ಒಂದು ವಿನಂತಿ. ಕೈಲಾಸದ ಮಾದರಿಯ ಕೆಲಸ ಬರುವ ವಾರ ಆರಂಭವಾಗುತ್ತದೆ. ಆಟದಲ್ಲಿ ಅದ್ಭುತವೊಂದು ಮುಗಿದಾಗ ಅದು ಹಂತಹಂತವಾಗಿ ಮೇಲೇಳುವ ದೃಶ್ಯವೊಂದು ಬರುತ್ತದೆ. ನಾವು ಅದನ್ನು ತಲೆಕೆಳಗು ಮಾಡಿ, ಶಿಖರದಿಂದ ಆರಂಭಿಸಿ ಕೆಳಗಿನ ಆನೆಗಳವರೆಗೆ ಬರುವಂತೆ ಮಾಡಬೇಕೆಂದಿದ್ದೇವೆ. ಶಿವಾರಪಟ್ಟಣದಲ್ಲಿ ಶಿಲ್ಪಿಗಳು ದೊಡ್ಡ ಕಲ್ಲನ್ನು ಮೊದಲು ಯಾವ ಕಡೆಯಿಂದ ಬಿಡಿಸುತ್ತಾರೆ, ಒರಟು ಕೆಲಸಕ್ಕೂ ನಯಗೆಲಸಕ್ಕೂ ಯಾವ ಯಾವ ಉಳಿ ಹಿಡಿಯುತ್ತಾರೆ ಎಂಬುದನ್ನು ಒಂದು ದಿನ ಬಂದು ನೋಡಲು ಸಾಧ್ಯವೇ? ಭಾನುವಾರ ಬೆಳಿಗ್ಗೆ ತುಮಕೂರಿನಿಂದ ಹೊರಟು ಬರಬಲ್ಲೆವು.